ಕಪ್ಪು ಗಾಡಿಯ ಗೀಟು, ಫಕ್ಕೀರಪ್ಪ ಮಿಸ್ತ್ರಿಯ ಪಟಗ

ಗದುಗಿನಲ್ಲಿ ಗಾಡಿ ತೊಳೆಯುವ ಅಂಗಡಿ ತೆರೆಯಬೇಕೆಂದಿರುವ ಇಬ್ಬರು ತರುಣರು ಮೊನ್ನೆ ಮನೆಗೆ ಬಂದಿದ್ದರು. ಚಹಾ ಕುಡಿದು, ಅದೂ ಇದೂ ಮಾತಾಡಿ, ಕಡೆಗೆ ಬಂದ ಕೆಲಸ ತೆಗೆದರು. "ಕಾಕಾ, ಮೇಣ ಹಚ್ಚಿ ಒರಿಸಿದ ಮ್ಯಾಲ ಬಣ್ಣದ ಮ್ಯಾಲ ಗೀಟು ಉಳೀತಾವ. ಎಷ್ಟ ತಿಕ್ಕಿದರೂ ಹೋಗಂಗಿಲ್ಲ. ಏನ್ ಮಾಡೂದು?" ನನಗೆ ನಗು ಬಂತು. ಜಗತ್ತು ಇಷ್ಟು ಮುಂದೆ ಹೋದರೂ ಗೀಟು ಮಾತ್ರ ನಮ್ಮ ಕಾಲದಲ್ಲಿ ಎಲ್ಲಿತ್ತೋ ಅಲ್ಲೇ ಇದೆಯಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು. ಅವರಿಗೆ ಬಾಯಿಮಾತಿನಲ್ಲಿ ಅರ್ಧ ಹೇಳಿ ಕಳಿಸಿದೆ. ಉಳಿದ ಅರ್ಧ ಒಬ್ಬ ಮನುಷ್ಯನ ಕಥೆ. ಅದನ್ನು ಚಹಾದ ಹೊತ್ತಿನಲ್ಲಿ ಹೇಳಿ ಮುಗಿಸಲಾಗದು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಗ್ಯಾರೇಜಿನಲ್ಲಿ ಯಾವಾಗ ಬಡ್ತಿ ಪಡೆದೆ, ಯಾವಾಗ ನನ್ನ ಕೈಕೆಳಗೆ ಜನ ಬಂದರು ಎಂಬುದೆಲ್ಲ ಇಲ್ಲಿ ಬೇಡ. ಕೇಳುವವರಿದ್ದರೆ ನನ್ನ ಹೆಂಡತಿಯನ್ನು ಕೇಳಬಹುದು, ಅವಳು ಸಂತೋಷದಿಂದ ಹೇಳುತ್ತಾಳೆ.

ನಮ್ಮದು ಬೆಟಗೇರಿಯ ನೇಕಾರರ ಮನೆ. ಮಗ್ಗದ ಸಪ್ಪಳದಲ್ಲೇ ಹುಟ್ಟಿ, ಮದುವೆಯಾಗುವ ತನಕ ನಾನೂ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತು ನೇಯ್ದವನು. ಮನೆಯಲ್ಲಿ ಅಣ್ಣಂದಿರು ಜಾಸ್ತಿ, ಮಗ್ಗ ಕಡಿಮೆ. ಸ್ವಾತಂತ್ರ್ಯ ಬಂದ ಮರುವರ್ಷ ಗದುಗಿನ ಒಂದು ಮೋಟಾರು ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಂತೆ. ಎಂಜಿನ್ ಬಿಚ್ಚುವ ಕೆಲಸ ಕಲಿಯುವ ಆಸೆ ನನ್ನದು. ಆದರೆ ಮಾಲಕ ಗಂಗಾಧರಪ್ಪನವರು ನನ್ನ ಕೈ ನೋಡಿ, "ನೇಕಾರರ ಕೈ ಮೆತ್ತಗ ಇರ್ತಾವ. ನೀ ಫಕ್ಕೀರಪ್ಪನ ಹಂತ್ಯಾಕ ಹೋಗು" ಎಂದು ಬಣ್ಣ ಮತ್ತು ಪಾಲಿಶ್ ನೋಡಿಕೊಳ್ಳುವ ಮಿಸ್ತ್ರಿಯ ಕಡೆ ದಬ್ಬಿದರು. ಅಂದು ಮುಖ ಸಣ್ಣದು ಮಾಡಿಕೊಂಡು ಹೋದೆ. ಇಂದು ಅವರಿಗೆ ಕೈ ಮುಗಿಯುತ್ತೇನೆ.

ಫಕ್ಕೀರಪ್ಪ ಮಿಸ್ತ್ರಿ ಶಿರಹಟ್ಟಿಯವರು. ಎತ್ತರದ ಆಳು, ದೊಡ್ಡ ದನಿ, ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಅವರನ್ನು ದೂರದಿಂದಲೇ ಗುರುತಿಸುವಂತೆ ಮಾಡುತ್ತಿದ್ದುದು ತಲೆಯ ಮೇಲಿನ ಬಿಳಿ ಪಟಗ. ತೆಳ್ಳನೆಯ ಮಲಮಲ್ ಬಟ್ಟೆ, ಅಂಗಳದಲ್ಲಿ ಹಾಸಿದರೆ ಈ ಗೋಡೆಯಿಂದ ಆ ಗೋಡೆಗೆ ಮುಟ್ಟುವಷ್ಟು ಉದ್ದ. ಗ್ಯಾರೇಜಿನ ಎಣ್ಣೆ, ಮಸಿ, ಧೂಳಿನ ನಡುವೆ ದಿನವೆಲ್ಲ ದುಡಿದರೂ ಅದರ ಮೇಲೆ ಒಂದು ಚುಕ್ಕೆ ಬೀಳುತ್ತಿರಲಿಲ್ಲ. ಅದನ್ನು ಅವರು ಹೆಂಡತಿಯ ಕೈಗೂ ಕೊಡದೆ ತಾವೇ ಒಗೆಯುತ್ತಿದ್ದರು. ಗಂಜಿ ಹಾಕುತ್ತಿರಲಿಲ್ಲ, ಗಂಜಿ ಹಾಕಿದರೆ ಹಣೆ ತುರಿಸುತ್ತದೆ ಎನ್ನುತ್ತಿದ್ದರು. ಒಗೆದು ಒಗೆದು ಅದು ಎಷ್ಟು ಮೆತ್ತಗಾಗಿತ್ತೆಂದರೆ, ಗಾಳಿಗೆ ಬಿಚ್ಚಿಕೊಂಡ ತುದಿ ಕೆನ್ನೆಗೆ ತಾಗಿದರೂ ಗೊತ್ತಾಗುತ್ತಿರಲಿಲ್ಲವಂತೆ. ಬರಿದಲೆಯಲ್ಲಿ ಅವರನ್ನು ನೋಡಿದವರು ಗ್ಯಾರೇಜಿನಲ್ಲಿ ಯಾರೂ ಇರಲಿಲ್ಲ. ನಮ್ಮ ಕಡೆ ಗಂಡಸಿಗೆ ಪಟಗ ಎಂದರೆ ಬಿಸಿಲಿಗೆ ಕಟ್ಟಿದ ಬಟ್ಟೆ ಮಾತ್ರ ಅಲ್ಲ. ಊರ ಪಂಚರ ಮುಂದೆ ಸೋತವನು, ಮನೆಯಲ್ಲಿ ಸಾವು ಕಂಡವನು ಮಾತ್ರ ಅದನ್ನು ಇಳಿಸುತ್ತಿದ್ದ.

ಅವರಿಗೆ ತಮ್ಮ ಕೆಲಸದ ಬಗ್ಗೆ ಜಂಬ ಇತ್ತು. ಮುಚ್ಚಿಟ್ಟುಕೊಳ್ಳುವ ಜಂಬವಲ್ಲ, ಊರಿಗೆಲ್ಲ ಕೇಳುವ ಜಂಬ. ಗಾಡಿ ಒರೆಸಿ ಮುಗಿಸಿದ ಮೇಲೆ ಅದರ ಮಾಲಕನನ್ನು ಕರೆದು, ಬಾನೆಟ್ಟಿನ ಮುಂದೆ ನಿಲ್ಲಿಸಿ, "ನಿಮ್ಮ ಮಾರಿ ನೋಡ್ಕೊರಿ. ಮಾರಿ ಮ್ಯಾಲ ಗೀಟು ಕಂಡ್ರ ನಂದು, ಸುಕ್ಕು ಕಂಡ್ರ ನಿಮ್ದು" ಎನ್ನುತ್ತಿದ್ದರು. ದೊಡ್ಡ ದೊಡ್ಡ ಸಾಹುಕಾರರೂ ನಕ್ಕು ಹೋಗುತ್ತಿದ್ದರು.

ಆಗ ಮೇಣ ಡಬ್ಬಿಯಲ್ಲಿ ಬರುತ್ತಿದ್ದುದು ಅಪರೂಪ. ಕಪ್ಪತಗುಡ್ಡದ ಕಡೆಯಿಂದ ಜೇನು ಬಿಡಿಸುವವರು ತಂದ ಮೇಣವನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ, ಟರ್ಪೆಂಟೈನ್ ಸೇರಿಸಿ ನಾವೇ ತಯಾರಿಸುತ್ತಿದ್ದೆವು. ಅದನ್ನು ತೆಳ್ಳಗೆ ಹಚ್ಚಿ, ಮಂಜು ಕವಿದಂತೆ ಮಬ್ಬಾಗುವ ತನಕ ಕಾದು, ಆಮೇಲೆ ಒರೆಸಬೇಕು. ಒರೆಸಲು ಹಳೆಯ ಸೀರೆಯ ತುಂಡು, ಹಳೆ ಸೀರೆಗಳನ್ನೇ ಸೇರಿಸಿ ಹೊಲಿದು ಹರಿದುಹೋದ ಕೌದಿಯ ಒಳಬಟ್ಟೆ. ಹಚ್ಚುವುದು ಯಾರಿಗಾದರೂ ಬರುತ್ತದೆ. ಮೇಣ ದಪ್ಪವಾದರೆ, ತಗಡು ಬಿಸಿಯಿದ್ದರೆ, ಬಟ್ಟೆ ಕೆಟ್ಟದ್ದಿದ್ದರೆ, ಮೇಣ ಪೂರ್ತಿ ಏಳದೆ ಎಳೆದಾಡಿದಲ್ಲೆಲ್ಲ ಬಿಳಿಗೆರೆಯಾಗಿ ಕೂತುಬಿಡುತ್ತದೆ. ಅದೇ ಗೀಟು. ನೆರಳಿನಲ್ಲಿ ಕಾಣುವುದಿಲ್ಲ, ಗಾಡಿ ಬಿಸಿಲಿಗೆ ಬಂದ ಕೂಡಲೇ ಮಾಲಕನ ಕಣ್ಣಿಗೇ ಮೊದಲು ಬೀಳುತ್ತದೆ.

ಅದನ್ನು ತೆಗೆಯುವುದು ಹೇಗೆಂದು ನಾನು ಕಲಿತದ್ದು ಲಕ್ಷ್ಮೇಶ್ವರದಲ್ಲಿ. ಲಕ್ಷ್ಮೇಶ್ವರ, ಶಿರಹಟ್ಟಿ ಎರಡೂ ಆಗಿನ್ನೂ ಮೊನ್ನೆಮೊನ್ನೆಯವರೆಗೆ ಸಂಸ್ಥಾನದ ಊರುಗಳಾಗಿದ್ದವು. ಅಲ್ಲಿಯ ಒಬ್ಬ ಹತ್ತಿ ಸಾಹುಕಾರರ ಮಗಳ ಮದುವೆ. ದಿಬ್ಬಣದ ಗಾಡಿಯನ್ನು ಅವರ ಡ್ರೈವರ್ ಹಿತ್ತಿಲಲ್ಲಿ ನಿಲ್ಲಿಸಿ, ನೆತ್ತಿಯ ಮೇಲಿನ ಬಿಸಿಲಿನಲ್ಲಿ, ಇಡೀ ಗಾಡಿಗೆ ಒಂದೇ ಸಲ ಮೇಣ ಬಳಿದಿದ್ದ. ಅದು ಹಪ್ಪಳದಂತೆ ಒಣಗಿ ಕೂತಿತ್ತು. ನಾವು ಹೋದಾಗ ಅವನು ತೆಂಗಿನ ನಾರು ಹಿಡಿದು ತಿಕ್ಕಲು ಅಣಿಯಾಗಿದ್ದ. ಮಿಸ್ತ್ರಿ ಓಡಿಹೋಗಿ ಅವನ ಕೈ ಹಿಡಿದರು.

"ಲೇ, ಅದು ಗಾಡಿನೋ, ಎಮ್ಮಿನೋ?"

ಸಾಹುಕಾರರು ಕಂಗಾಲಾಗಿದ್ದರು. "ಫಕ್ಕೀರಪ್ಪ, ಜಲ್ದಿ ಏನಾರ ಮಾಡಪಾ. ಬೀಗರು ಬರೂ ಹೊತ್ತಾತು."

"ಜಲ್ದಿ ಮಾಡಿದ್ದಕ್ಕ ಹಿಂಗಾಗೈತ್ರಿ. ಈಗ ಸಾವಕಾಶ ಮಾಡೂಣು" ಎಂದು ಮಿಸ್ತ್ರಿ ಗಾಡಿಯನ್ನು ಬೇವಿನ ಮರದ ಕೆಳಗೆ ನೂಕಿಸಿದರು. ತಣ್ಣೀರು ಸುರಿದು ಒರೆಸಿ, ತಗಡು ತಣ್ಣಗಾಗುವ ತನಕ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು. ಸಾಹುಕಾರರು ಒಳಗೆ ಹೊರಗೆ ತಿರುಗಾಡಿ ಸುಸ್ತಾದರು. ನಡುನಡುವೆ ಮಿಸ್ತ್ರಿ ಎದ್ದು ಅಂಗೈಯ ಹಿಂಬದಿಯನ್ನು ಬಾನೆಟ್ಟಿಗೆ ತಾಗಿಸಿ ನೋಡುತ್ತಿದ್ದರು. ಅಂಗೈ ದುಡಿದು ದಡ್ಡುಗಟ್ಟಿರುತ್ತದೆ, ಅದಕ್ಕೆ ಬಿಸಿ ತಿಳಿಯುವುದಿಲ್ಲ, ಹಿಂಬದಿಗೆ ತಿಳಿಯುತ್ತದೆ ಎಂದು ನನಗೆ ತೋರಿಸಿದರು. ತಗಡು ತಣ್ಣಗಾದ ಮೇಲೆ ಒಂದು ಬಾಗಿಲಿನಷ್ಟೇ ಜಾಗಕ್ಕೆ ಹೊಸ ಮೇಣವನ್ನು ಎಷ್ಟು ಬೇಕೋ ಅಷ್ಟೇ ತೆಳ್ಳಗೆ ಹಚ್ಚಿದರು. ನನಗೆ ದಿಗಿಲಾಯಿತು. ಇದ್ದ ಮೇಣವೇ ಹೋಗುತ್ತಿಲ್ಲ, ಮೇಲೆ ಮತ್ತೆ ಮೇಣವೇ? ಆದರೆ ಹೊಸದು ಹಳೆಯದನ್ನು ನೆನೆಸಿ ಸಡಿಲ ಮಾಡಿತು. ಮೆತ್ತನೆಯ ಬಟ್ಟೆಯಿಂದ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ, ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು ತಿರುಗಿಸಿ ಎಳೆದಾಗ ಎರಡೂ ಕೂಡಿ ಎದ್ದುಬಂದವು. ಹೀಗೆ ಒಂದೊಂದೇ ಭಾಗ. ಬೀಗರು ಬಂದಾಗ ಗಾಡಿಯ ಹೊಳಪಿನಲ್ಲಿ ಬೇವಿನ ಎಲೆಗಳು ಒಂದೊಂದಾಗಿ ಎಣಿಸುವ ಹಾಗೆ ಕಾಣುತ್ತಿದ್ದವು. ತರುಣರೇ, ನೀವು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ. ಈಗ ಬಾಟಲಿಯಲ್ಲಿ ಬರುವ ನಿಮ್ಮ ಪಾಲಿಶಿಗೂ ಇದೇ ಉತ್ತರ.

ಬಟ್ಟೆಯ ವಿಷಯದಲ್ಲಿ ಮಾತ್ರ ಅವರು ದೇವರು ಬಂದು ಹೇಳಿದರೂ ಕೇಳುತ್ತಿರಲಿಲ್ಲ. ಒಮ್ಮೆ ಮುಂಡರಗಿಯ ಒಬ್ಬ ಡಾಕ್ಟರರ ಗಾಡಿಯನ್ನು ಕೊರ್ಲಹಳ್ಳಿಯ ಹತ್ತಿರ ಹೊಳೆಯ ದಂಡೆಯಲ್ಲಿ ಒರೆಸುತ್ತಿದ್ದೆವು. ಡಾಕ್ಟರರು ಆಚೆ ದಂಡೆಯ ರೋಗಿಯನ್ನು ನೋಡಲು ದೋಣಿಯಲ್ಲಿ ಹೋಗಿದ್ದರು. ನನ್ನ ಕೈಯಿಂದ ಬಟ್ಟೆ ಜಾರಿ ಉಸುಕಿನಲ್ಲಿ ಬಿತ್ತು. ಎತ್ತಿ, ಝಾಡಿಸಿ, ಮತ್ತೆ ಗಾಡಿಗೆ ಹಚ್ಚಬೇಕು ಎನ್ನುವಷ್ಟರಲ್ಲಿ ಮಿಸ್ತ್ರಿ ಅದನ್ನು ಕಸಿದುಕೊಂಡು ತುಂಗಭದ್ರೆಗೆ ಎಸೆದುಬಿಟ್ಟರು.

"ಒಗದ್ರ ಬರ್ತಿತ್ತಲ್ರಿ ಮಿಸ್ತ್ರಿ" ಎಂದೆ.

"ಅರಿವಿ ಇನ್ನೊಂದು ಸಿಗ್ತೈತಿ. ಅದರಾಗ ಒಂದ ಉಸುಕಿನ ಹಳ್ಳು ಕುಂತಿದ್ರ ಡಾಕ್ಟರ್ ಗಾಡಿಗೆ ಆಯುಷ್ಯ ಪೂರ್ತಿ ಗಾಯ. ಕೈಯಾಗ ಹಿಡಿದಿದ್ದು ಏನೈತಿ ಅಂತ ನೋಡದ ಗಾಡಿ ಮುಟ್ಟಬ್ಯಾಡ."

ಈ ಮಾತನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಇನ್ನು ಆ ಕಪ್ಪು ಗಾಡಿಯ ವಿಷಯ. ಕನ್ನಡ ನಾಡು ಒಂದಾಗುವ ಹೊತ್ತು. ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಕಡೆಯ ಊರುಗಳೂ, ಮೈಸೂರಿನವರೂ, ಉಳಿದ ಕಡೆಯವರೂ ಒಂದೇ ರಾಜ್ಯದವರಾಗುತ್ತೇವೆಂಬ ಸಂಭ್ರಮ ಓಣಿ ಓಣಿಯಲ್ಲಿತ್ತು. ಗ್ಯಾರೇಜಿನಲ್ಲಿ ನಮಗೆ ಅದರಿಂದ ಆಗಲಿದ್ದ ಕೆಲಸವೆಂದರೆ ಗಾಡಿಗಳಿಗೆ ಹೊಸ ರಾಜ್ಯದ ನಂಬರು ಹಲಗೆ ಬರೆಯುವುದು. ಅದಕ್ಕೂ ಮಿಸ್ತ್ರಿ ಕುಂಚ ತೊಳೆದು ಇಟ್ಟಿದ್ದರು. ರಾಜ್ಯ ಒಂದಾಗುವ ದಿನ ಕನ್ನಡ ತಾಯಿಯ ಚಿತ್ರಪಟವನ್ನು ಗಾಡಿಯಲ್ಲಿರಿಸಿ ಗದುಗಿನಿಂದ ಬೆಟಗೇರಿಯ ತನಕ ಮೆರವಣಿಗೆ ಮಾಡುವುದೆಂದು ಊರ ಹಿರಿಯರು ಗೊತ್ತುಮಾಡಿದರು. ಮೇಲಿನ ಹೊದಿಕೆ ಮಡಿಸಬಹುದಾದ ದೊಡ್ಡ ಕಪ್ಪು ಗಾಡಿಯನ್ನು ಹತ್ತಿ ವ್ಯಾಪಾರಿಯೊಬ್ಬರು ಕೊಟ್ಟರು. ಕಪ್ಪು ಬಣ್ಣ ನಮ್ಮ ಕೆಲಸದಲ್ಲಿ ಅತಿ ಕಠಿಣ, ಅದು ಯಾವ ತಪ್ಪನ್ನೂ ಮುಚ್ಚಿಡುವುದಿಲ್ಲ.

ಹಿಂದಿನ ದಿನ ಸಂಜೆ ಹಿರಿಯರೆಲ್ಲ ಗ್ಯಾರೇಜಿಗೆ ಬಂದರು. ಮಾಲಕರು ಎಲ್ಲರೆದುರು, "ಫಕ್ಕೀರಪ್ಪ, ಇಡೀ ಊರು ನೋಡ್ತೈತಿ. ಗೀಟು ಉಳೀಬಾರದು" ಎಂದರು. ಮಾತು ಸಣ್ಣದು, ಆದರೆ ಮಿಸ್ತ್ರಿಗೆ ಚುಚ್ಚಿತು. ಪಟಗದ ಮೇಲೆ ಕೈ ಇಟ್ಟು ಹೇಳಿದರು.

"ನಾಳೆ ಈ ಗಾಡಿ ಮ್ಯಾಲ ಒಂದ ಗೀಟು ಕಂಡ್ರ ಈ ಪಟಗ ಇಳಸ್ತೀನ್ರಿ. ಇಳಸಿದ್ದು ಮತ್ತ ಸುತ್ತಂಗಿಲ್ಲ."

ಯಾರೂ ಅಂಥ ಮಾತು ಕೇಳಿರಲಿಲ್ಲ. ಒಬ್ಬಿಬ್ಬರು ನಕ್ಕರು. ನನಗೆ ನಗು ಬರಲಿಲ್ಲ, ಅವರು ಆಡಿದ ಮಾತು ಹಿಂದೆ ತೆಗೆದುಕೊಂಡದ್ದನ್ನು ನಾನು ನೋಡಿರಲಿಲ್ಲ.

ಬೆಳಿಗ್ಗೆ ಇಬ್ಬರೂ ಮೇಣ ಹಚ್ಚಿ ಮುಗಿಸಿದೆವು. ತಂಪು ಹೊತ್ತು, ತಣ್ಣನೆಯ ತಗಡು, ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಬೆಟಗೇರಿಯ ನೇಕಾರರ ಹಿರಿಯ ಸಂಗಪ್ಪಜ್ಜ ನಾಲ್ಕಾರು ಜನರೊಂದಿಗೆ ಬಂದರು. ಕೈಯಲ್ಲಿ ಒಂದು ತಟ್ಟೆ, ತಟ್ಟೆಯಲ್ಲಿ ಮಡಿಸಿದ ಬಿಳಿ ಬಟ್ಟೆ, ಮೂಲೆಗೆ ಅರಿಷಿಣ ಕುಂಕುಮ. ಈ ದಿನಕ್ಕೆಂದೇ ನಮ್ಮ ಓಣಿಯ ಮಗ್ಗದಲ್ಲಿ ನೇಯ್ದದ್ದು.

"ಫಕ್ಕೀರಪ್ಪ, ತಾಯಿ ಗಾಡಿ ಇದರ್ಲೆ ಒರಿಸಬೇಕು. ಉಟ್ಟ ಸೀರಿ, ಹಾಸಿದ ಕೌದಿ, ಎಣ್ಣಿ ಮುಟ್ಟಿದ ಅರಿವಿ ಇವತ್ತ ಈ ಗಾಡಿಗೆ ತಾಗಬಾರದು."

ನಮ್ಮಲ್ಲಿ ಶುಭಕ್ಕೆ ಹೊಸ ಬಟ್ಟೆಯೇ. ಅದರಲ್ಲಿ ಯಾರಿಗೂ ಎರಡು ಮಾತಿಲ್ಲ. ನನಗೂ ನಮ್ಮ ಓಣಿಯ ಬಟ್ಟೆ ಎಂದು ಎದೆ ತುಂಬಿ ಬಂತು. ಮಿಸ್ತ್ರಿ ತಟ್ಟೆಗೆ ಕೈಮುಗಿದು ಬಟ್ಟೆ ತೆಗೆದುಕೊಂಡು ಬಾನೆಟ್ಟಿನ ಕಡೆ ಹೋದರು. ಮಾನದ ಕೆಲಸ, ಬೇರೆಯವರು ಕೈ ಹಚ್ಚಬಾರದು. ನಾನು ಹಿಂದಿನ ಗಾಲಿಗಳನ್ನು ಉಜ್ಜುತ್ತ ಕೂತೆ.

ಸ್ವಲ್ಪ ಹೊತ್ತಿಗೆ ಬಾಗಿಲಿನಿಂದ ಬಿಸಿಲು ಒಳಗೆ ಬಂತು. ಎದ್ದು ನೋಡಿದೆ. ಬಾನೆಟ್ಟಿನಿಂದ ಬಾಗಿಲಿನ ತನಕ ಗೀಟು. ಸುಣ್ಣದ ಕೈಯನ್ನು ಕಪ್ಪು ಕಲ್ಲಿಗೆ ಒರೆಸಿದ ಹಾಗೆ. ಮಿಸ್ತ್ರಿ ಒರೆಸಿದಷ್ಟೂ ಹೆಚ್ಚುತ್ತಿದ್ದವು. ಹೊರಗೆ ಮೆರವಣಿಗೆಯ ಜನ ಸೇರುತ್ತಿದ್ದರು, ಬಾಜಾದವರು ಡೊಳ್ಳು ಬಿಗಿಯುತ್ತಿದ್ದರು.

ನಾನು ಬಟ್ಟೆಯ ತುದಿ ಹಿಡಿದು ಮೂಗಿಗೆ ತಂದೆ. ನೇಕಾರರ ಮನೆಯವನಿಗೆ ಬೇರೆ ಸಾಕ್ಷಿ ಬೇಡ.

"ಮಿಸ್ತ್ರಿ, ಗಂಜಿ ಐತ್ರಿ."

ಮಗ್ಗದಿಂದ ಇಳಿದ ಹೊಸ ಬಟ್ಟೆ. ನೂಲು ಹರಿಯದಿರಲೆಂದು ಹಾಸಿನ ಎಳೆಗಳಿಗೆ ಗಂಜಿ ಹಾಕಿಯೇ ನೇಯುವುದು. ಆ ಗಂಜಿ ಮೇಣದೊಂದಿಗೆ ಸೇರಿ ಬಣ್ಣದ ಮೇಲೆ ಕೂತಿತ್ತು. ಬಿರುಸಾದ ಬಟ್ಟೆ ಅದನ್ನು ಎತ್ತದೆ ಎಳೆದಾಡಿತ್ತು. ಸಂಗಪ್ಪಜ್ಜನ ಮುಖ ಇಳಿಯಿತು.

"ಗಂಜಿ ಇಲ್ಲದ ಹೊಸಾ ಅರಿವಿ ಎಲ್ಲಿಂದ ತರೂದಪಾ? ನಾವ ಮರ್ಯಾದಿ ಅಂತ ತಂದ್ವಿ" ಎಂದರು.

ಕುದಿಸಿ ಗಂಜಿ ಬಿಡಿಸಿ ಒಣಗಿಸಲು ಹೊತ್ತಿರಲಿಲ್ಲ. ನಾನು ಮೂಲೆಯ ಪೆಟ್ಟಿಗೆಯಿಂದ ಕೌದಿಯ ಬಟ್ಟೆ ತೆಗೆದೆ. ಅಜ್ಜ ತಲೆ ಅಲ್ಲಾಡಿಸಿದರು. "ಅದು ಉಟ್ಟು ಬಿಟ್ಟ ಸೀರಿ. ಇವತ್ತ ಬ್ಯಾಡ." ಅವರು ಹಟಮಾರಿ ಮನುಷ್ಯ ಅಲ್ಲ. ಆ ದಿನ ಅವರಿಗೆ ಅಷ್ಟು ದೊಡ್ಡದಾಗಿತ್ತು.

ಮಾಲಕರು ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಇರ್ಲಿ ಬಿಡು ಫಕ್ಕೀರಪ್ಪ. ಹೂವಿನ ಸರ ಇಳಿಬಿಟ್ಟ ಮ್ಯಾಲ ಯಾರೂ ನೋಡಂಗಿಲ್ಲ."

"ನಾ ನೋಡೀನಲ್ರಿ" ಎಂದರು ಮಿಸ್ತ್ರಿ.

ಆಮೇಲೆ ಎರಡೂ ಕೈ ಎತ್ತಿ ಪಟಗದ ತುದಿ ಹುಡುಕಿದರು. ಒಂದು ಸುತ್ತು ಬಿಚ್ಚಿದರು, ಮತ್ತೊಂದು ಸುತ್ತು. ನಿನ್ನೆ ನಕ್ಕವರು ಈಗ ನೆಲ ನೋಡುತ್ತಿದ್ದರು. ಸೋತ ಮನುಷ್ಯ ಮಾತು ಉಳಿಸಿಕೊಳ್ಳುತ್ತಿದ್ದಾನೆ ಎಂದೇ ಎಲ್ಲರೂ ತಿಳಿದಿದ್ದೆವು. ನನಗೆ ಅಳು ಬಂತು. ಪಟಗ ಪೂರ್ತಿ ಬಿಚ್ಚಿದಾಗ ಅವರ ಮುಖ ಬಿಸಿಲಿಗೆ ಕಪ್ಪಾಗಿ, ಹಣೆಯ ಮೇಲ್ಭಾಗ ಮತ್ತು ಬೋಳು ನೆತ್ತಿ ಮಗುವಿನದರಂತೆ ಬೆಳ್ಳಗಿದ್ದದ್ದು ಕಂಡಿತು. ಮಿಸ್ತ್ರಿ ಆ ಬಟ್ಟೆಯನ್ನು ಕೈಗಳ ಮೇಲೆ ಹಿಡಿದು ಸಂಗಪ್ಪಜ್ಜನ ಮುಂದೆ ನಿಂತರು.

"ಅಜ್ಜಾ, ಇದು ಉಟ್ಟಿದ್ದಲ್ಲ, ಹಾಸಿದ್ದಲ್ಲ. ತಲಿ ಮ್ಯಾಲಿಂದು. ಗಂಜಿ ಕಂಡಿಲ್ಲ, ಎಣ್ಣಿ ಕಂಡಿಲ್ಲ. ತಾಯಿಗೆ ನಡೀತೈತ್ಯೋ ಇಲ್ಲೋ?"

ಅಜ್ಜ ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು, ಮುಂದೆ ಬಂದು, ಪಟಗದ ಇನ್ನೊಂದು ತುದಿಯನ್ನು ತಾವೇ ಎತ್ತಿ ಹಿಡಿದರು, ನೆಲಕ್ಕೆ ತಾಗದ ಹಾಗೆ. "ನಡಿ. ಹೊತ್ತಾಗ್ತೈತಿ" ಎಂದರು.

ಆ ಕೆಲಸದಂಥ ಕೆಲಸವನ್ನು ನಾನು ಮತ್ತೆ ನೋಡಲಿಲ್ಲ, ಮಾಡಲೂ ಆಗಲಿಲ್ಲ. ಮೊದಲು ಪಟಗದ ಒಂದು ತುದಿಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ ಗಂಜಿಯ ಪುಡಿಯನ್ನು ಎತ್ತಿದರು. ನಾನು ಹಿಂದೆಯೇ ಬೆರಳ ತುದಿಯಲ್ಲಿ ತೆಳ್ಳಗೆ ಹೊಸ ಮೇಣ ಹಚ್ಚುತ್ತ ಹೋದೆ. ಆಮೇಲೆ ಒಣ ಬಟ್ಟೆಯಿಂದ ಉದ್ದಕ್ಕೆ ಎಳೆತ. ಒಂದು ಎಳೆತ ಮುಗಿದ ಕೂಡಲೇ ಅಜ್ಜ ಬಟ್ಟೆಯನ್ನು ಅಷ್ಟೇ ಸಡಿಲ ಬಿಡುತ್ತಿದ್ದರು, ಮಿಸ್ತ್ರಿಯ ಕೈಗೆ ಹೊಸ ಜಾಗ ಬರುತ್ತಿತ್ತು. ಜನ್ಮವಿಡೀ ಮಗ್ಗದಲ್ಲಿ ಬಟ್ಟೆ ಸುತ್ತಿದ ಕೈ ಅದು, ಎಷ್ಟು ಬಿಡಬೇಕೆಂದು ಅದಕ್ಕೆ ಹೇಳಿಕೊಡಬೇಕಿರಲಿಲ್ಲ. ಬಾನೆಟ್ಟು, ಮಡ್ಗಾರ್ಡು, ಬಾಗಿಲು, ಒಂದಾದ ಮೇಲೊಂದು ಗೀಟು ಮಾಯವಾಗುತ್ತ ಬಂದವು. ಬಿಳಿ ಮಲಮಲ್ ಮಾತ್ರ ಕಪ್ಪಾಗುತ್ತ ಹೋಯಿತು. ಅದರ ಮೇಲೆ ಒಂದು ಚುಕ್ಕೆ ಬೀಳಲು ಬಿಡದಿದ್ದ ಮನುಷ್ಯ ಒಮ್ಮೆಯೂ ಅದರ ಕಡೆ ನೋಡಲಿಲ್ಲ.

ಮುಗಿದಾಗ ಮಿಸ್ತ್ರಿ ಬಾನೆಟ್ಟಿನ ಮೇಲೆ ಬಗ್ಗಿದರು. ಅದರಲ್ಲಿ ಅವರ ಬೋಳುತಲೆ ಸ್ಪಷ್ಟವಾಗಿ ಕಂಡಿತು. ಅದನ್ನೇ ನೋಡಿ, "ಇಷ್ಟ ವಯಸ್ಸಾಗೈತಿ ಅಂತ ಗೊತ್ತಿರಲಿಲ್ಲ" ಎಂದರು. ಸಂಗಪ್ಪಜ್ಜ ಗಟ್ಟಿಯಾಗಿ ನಕ್ಕರು, ನಾವೂ ನಕ್ಕೆವು. ಅಜ್ಜನ ಕಣ್ಣಲ್ಲಿ ನೀರೂ ಇತ್ತು.

ಚಿತ್ರಪಟ ಏರಿತು, ಮೆರವಣಿಗೆ ಹೊರಟಿತು. ರಸ್ತೆಯ ಎರಡೂ ಕಡೆಯ ಜನ, ಬಾಗಿಲಲ್ಲಿ ಆರತಿ ಹಿಡಿದು ನಿಂತ ಹೆಣ್ಣುಮಕ್ಕಳು, ಎಲ್ಲರೂ ಆ ಕಪ್ಪು ಬಣ್ಣದಲ್ಲಿ ಮೂಡಿ ಮೂಡಿ ಮುಂದೆ ಹೋದರು. ಗಾಡಿಯ ಹಿಂದೆ ಮಿಸ್ತ್ರಿ ಬರಿದಲೆಯಲ್ಲಿ ನಡೆದರು. ಗುರುತಿನವರು ಗಾಬರಿಯಿಂದ "ಯಾಕ್ರಿ, ಮನ್ಯಾಗ ಏನಾರ ಆತೇನು?" ಎಂದು ಕೇಳಿದರೆ, "ಏನಿಲ್ಲ, ಹಬ್ಬ ಐತಿ" ಎನ್ನುತ್ತ ನಡೆದರು.

ಆ ವಾರವೇ ಬೆಟಗೇರಿಯ ಹಿರಿಯರು ಜರಿಯಂಚಿನ ಹೊಸ ಪಟಗ ತಂದರು. ಈ ಸಲ ಸಂಗಪ್ಪಜ್ಜ ತಾವೇ ಗಂಜಿ ತೊಳೆದು ತಂದಿದ್ದರು. ಮಿಸ್ತ್ರಿ ಎರಡೂ ಕೈಯಿಂದ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು, ನನ್ನ ಕೈಗೆ ಕೊಟ್ಟರು. "ಜರಿ ಬಿಡಿಸಿ ಒಳಗ ಇಡು. ಇನ್ನಷ್ಟ ಒಗದು ಮೆತ್ತಗ ಮಾಡು. ಕಪ್ಪು ಗಾಡಿ ಬಂದಾಗ ಬೇಕಾಗ್ತೈತಿ." ಹಿರಿಯರು ಬೇಸರ ಮಾಡಿಕೊಳ್ಳಲಿಲ್ಲ. ಅವರಿಗೆ ಅರ್ಥವಾಗಿತ್ತು.

ಮುಂದೆ ಬಂದ ಕಾಲದಲ್ಲಿ ಕೆಲಸ ಬಹಳ ಬದಲಾಯಿತು. ಮೇಣ ಕರಗಿಸುವುದು ಹೋಗಿ ಡಬ್ಬಿ ಬಂತು, ಡಬ್ಬಿ ಹೋಗಿ ಬಾಟಲಿ ಬಂತು, ಈಗ ತಿರುಗುವ ಯಂತ್ರ ಬಂದಿದೆ. ಡಬ್ಬಿ ಬಂದಾಗ ಮಿಸ್ತ್ರಿ ಗೊಣಗಲಿಲ್ಲ, ಚಿಕ್ಕವರಂತೆ ಮೂಸಿ ನೋಡಿ ಖುಷಿಪಟ್ಟರು. ಜಂಬವೂ ಹಾಗೇ ಇತ್ತು, ಸಾಹುಕಾರರನ್ನು ಬಾನೆಟ್ಟಿನ ಮುಂದೆ ನಿಲ್ಲಿಸುವುದೂ ಹಾಗೇ ಇತ್ತು. ತಲೆ ಮಾತ್ರ ಬರಿದು. ಬೇಸಿಗೆಯಲ್ಲಿ ನೆತ್ತಿ ಸುಟ್ಟು ಸಿಪ್ಪೆ ಏಳುತ್ತಿತ್ತು, ಆದರೂ ಒಂದು ತುಂಡು ಬಟ್ಟೆ ಹಾಕಿಕೊಳ್ಳಲಿಲ್ಲ.

ಅವರು ಕೆಲಸ ಬಿಟ್ಟು ಶಿರಹಟ್ಟಿಗೆ ಹೋದ ಮೇಲೆ ಒಮ್ಮೆ ನೋಡಲು ಹೋಗಿದ್ದೆ. ಮನೆಯ ಮುಂದೆ ಬಿಸಿಲಿನಲ್ಲಿ ಕೂತಿದ್ದರು. ಇಷ್ಟು ವರ್ಷ ನಾಲಿಗೆಯ ತುದಿಯಲ್ಲಿದ್ದದ್ದನ್ನು ಅಂದು ಕೇಳಿಬಿಟ್ಟೆ.

"ಮಿಸ್ತ್ರಿ, ಅವತ್ತ ಗೀಟು ಎಲ್ಲಾ ಹೋದವಲ್ರಿ. ತಪ್ಪು ಅರಿವೀದು, ನಿಮ್ದಲ್ಲ. ಮತ್ತ ಪಟಗ ಯಾಕ ಸುತ್ತಲಿಲ್ಲ?"

ಅವರು ನನ್ನನ್ನು ಕೊರ್ಲಹಳ್ಳಿಯ ಹೊಳೆದಂಡೆಯಲ್ಲಿ ನೋಡಿದ ಹಾಗೆಯೇ ನೋಡಿದರು.

"ಕೈಯಾಗ ಹಿಡಿದಿದ್ದು ನೋಡದ ಗಾಡಿ ಮುಟ್ಟಿದಾವ ನಾನೋ, ಅರಿವಿನೋ?" ಎಂದರು. ಆಮೇಲೆ ಬೋಳುನೆತ್ತಿ ಸವರಿಕೊಂಡು, ಮೆತ್ತಗೆ, "ಹೋದವು, ಖರೆ. ಮೊದಲ ಕಂಡಿದ್ದವಲ್ಲೋ" ಎಂದರು.